ಸ್ಟೆಪ್ನಿಯ ಐದನೇ ಹಳದಿ ಕಾರ್ಡು

ಕಾರಿನಲ್ಲಿ ಓಡುವ ನಾಲ್ಕು ಚಕ್ರಗಳಿಗೆ ಹೆಸರೇ ಇಲ್ಲ; ಓಡದೆ ಡಿಕ್ಕಿಯಲ್ಲಿ ಮಲಗಿರುವ ಐದನೆಯದಕ್ಕೆ ಮಾತ್ರ ಸ್ಟೆಪ್ನಿ ಎಂಬ ಚೆಂದದ ಹೆಸರಿದೆ. ನಮ್ಮ ಕಥಾನಾಯಕ ತನಗೆ ತಾನೇ ಹೇಳಿಕೊಳ್ಳುತ್ತಿದ್ದ ಸಮಾಧಾನದ ಮಾತು ಇದು. ತಂಡದವರು ಅವನಿಗೆ ಇಟ್ಟಿದ್ದ ಹೆಸರೂ ಅದೇ. ಎರಡನೇ ದರ್ಜೆಯ ಲೀಗಿನಲ್ಲಿ, ಮೇಲಕ್ಕೇರುವ ಯೋಗ್ಯತೆಯಿಲ್ಲದೆ, ಕೆಳಕ್ಕಿಳಿಯುವ ಮನಸ್ಸೂ ಇಲ್ಲದೆ ಒದ್ದಾಡುತ್ತಿದ್ದ ಒಂದು ಫುಟ್‌ಬಾಲ್ ಕ್ಲಬ್ಬಿಗೆ ಅವನು ಮೀಸಲು ಗೋಲ್‌ಕೀಪರ್. ಅಂದರೆ, ಮುಖ್ಯ ಗೋಲ್‌ಕೀಪರನಿಗೆ ಏನಾದರೂ ಆದರೆ ಇರಲಿ ಎಂದು ಸಂಬಳ ಕೊಟ್ಟು ಬೆಂಚಿನ ಮೇಲೆ ಕೂರಿಸಿದ ಮನುಷ್ಯ.

ಮುಖ್ಯ ಗೋಲ್‌ಕೀಪರನಿಗೆ ಏನೂ ಆಗುತ್ತಿರಲಿಲ್ಲ. ಅವನನ್ನು ಎಲ್ಲರೂ ಬಂಡೆ ಎನ್ನುತ್ತಿದ್ದರು. ಇಡೀ ತಂಡ ಜ್ವರದಿಂದ ಮಲಗಿದಾಗ ಬಂಡೆಗೆ ಒಂದು ಸೀನೂ ಬರಲಿಲ್ಲ. ಎದುರಾಳಿ ಓಡಿ ಬಂದು ಅವನಿಗೆ ಗುದ್ದಿದರೆ ಎದುರಾಳಿಯನ್ನೇ ಸ್ಟ್ರೆಚರಿನಲ್ಲಿ ಹೊತ್ತೊಯ್ಯುತ್ತಿದ್ದರು. ಸ್ಟೆಪ್ನಿ ಕೆಟ್ಟವನಲ್ಲ. ಇನ್ನೊಬ್ಬರ ಕೈಕಾಲು ಮುರಿಯಲಿ ಎಂದು ದೇವರನ್ನು ಕೇಳಿಕೊಂಡವನಲ್ಲ. ಒಂದು ನೆಗಡಿ, ಹೆಚ್ಚೆಂದರೆ ಒಂದು ಹಲ್ಲುನೋವು, ಇಷ್ಟೇ ಅವನ ಬೇಡಿಕೆ. ದೇವರು ಅದನ್ನೂ ನಡೆಸಿಕೊಡಲಿಲ್ಲ. ಈ ಕ್ಲಬ್ಬಿಗೆ ಬಂದು ಮೂರು ವರ್ಷವಾದರೂ ಒಂದು ನಿಮಿಷ ಆಡಿರಲಿಲ್ಲ. ವಯಸ್ಸು ಮೂವತ್ತಾರಾಗಿತ್ತು; ತಲೆಗೂದಲು ಅವನಿಗಿಂತ ಮೊದಲೇ ನಿವೃತ್ತಿ ತೆಗೆದುಕೊಳ್ಳುತ್ತಿತ್ತು. ಅವನಿಗಿದ್ದದ್ದು ಒಂದೇ ಆಸೆ. ಆಟ ಬಿಡುವ ಮುಂಚೆ ಒಂದೇ ಒಂದು ಪಂದ್ಯದಲ್ಲಿ ಗೋಲಿನ ಕಂಬಗಳ ನಡುವೆ ನಿಲ್ಲಬೇಕು, ಅದನ್ನು ಅಕ್ಕ ಟೀವಿಯಲ್ಲಿ ನೋಡಬೇಕು.

ಅಮ್ಮ ತೀರಿಕೊಂಡ ಮೇಲೆ ಅವನನ್ನು ಸಾಕಿದವಳು ಅಕ್ಕ. ಭಾವ ಬೇರೊಂದು ಊರಿನ ನೀರು ಸರಬರಾಜು ಕಚೇರಿಯಲ್ಲಿ ಹೆಡ್ ಕ್ಲಾರ್ಕು. ಅಲ್ಲಿ ಫುಟ್‌ಬಾಲ್ ಬಲ್ಲವರು ಯಾರೂ ಇಲ್ಲ. ಆದರೂ ಎರಡನೇ ದರ್ಜೆಯ ಪಂದ್ಯಗಳನ್ನು ತೋರಿಸುವ ಬಡಕಲು ಚಾನೆಲ್ಲೊಂದನ್ನು ಹುಡುಕಿ ಹಿಡಿದು ಅಕ್ಕ ಪ್ರತಿ ಪಂದ್ಯ ನೋಡುತ್ತಿದ್ದಳು. ಚೆಂಡು ಬೆಂಚಿನ ಕಡೆ ಹೊರಗೆ ಹೋದಾಗ ಕ್ಯಾಮೆರಾ ಒಂದು ಸಲ ಬೆಂಚನ್ನು ಸವರಿಕೊಂಡು ಹೋಗುತ್ತದೆ. ಅಕ್ಕನ ಪಾಲಿಗೆ ಪಂದ್ಯವೆಂದರೆ ಅಷ್ಟೇ.

ಸ್ಟೆಪ್ನಿ ಇದ್ದದ್ದು ಕ್ಲಬ್ಬಿನ ಮೈದಾನದ ಹಿಂದಿನ ಬೀದಿಯಲ್ಲಿ, ಮೂರನೇ ಮಹಡಿಯ ಒಂಟಿ ಕೋಣೆಯಲ್ಲಿ. ಒಂದು ಮಂಚ, ಒಂದು ಸ್ಟೌವು, ಒಂದು ತಟ್ಟೆ, ಎರಡು ಲೋಟ. ಎರಡನೇ ಲೋಟ ಯಾರಿಗೆ ಎಂದು ಅವನಿಗೂ ಗೊತ್ತಿರಲಿಲ್ಲ. ಅದೂ ಒಂದು ಸ್ಟೆಪ್ನಿಯೇ ಅನ್ನಿ. ಪಂದ್ಯ ಮುಗಿಸಿ ಬಂದರೆ ಗೆದ್ದದ್ದನ್ನೋ ಸೋತದ್ದನ್ನೋ ಹೇಳಿಕೊಳ್ಳಲು ಯಾರೂ ಇಲ್ಲ. ಅವನು ಬೂಟು ಬಿಚ್ಚಿ ಒರೆಸಿ ಇಡುತ್ತಿದ್ದ. ಒರೆಸಲು ಅದರಲ್ಲಿ ಮಣ್ಣೇ ಇರುತ್ತಿರಲಿಲ್ಲ.

ಇಂಥವನ ಬದುಕಿನಲ್ಲಿ ಸೀಸನ್ನಿನ ಆರಂಭದಲ್ಲೇ ಮೊದಲ ಹಳದಿ ಕಾರ್ಡು ಪ್ರವೇಶ ಮಾಡಿತು.

ಫುಟ್‌ಬಾಲ್ ಗೊತ್ತಿಲ್ಲದವರಿಗೆ ಒಂದು ಮಾತು. ಆಟಗಾರ ತಪ್ಪು ಮಾಡಿದರೆ ರೆಫರಿ ಜೇಬಿನಿಂದ ಹಳದಿ ಕಾರ್ಡು ತೆಗೆದು ಎತ್ತಿ ತೋರಿಸುತ್ತಾನೆ, ಅದು ಎಚ್ಚರಿಕೆ; ಕೆಂಪು ತೋರಿಸಿದರೆ ಆಟದಿಂದಲೇ ಹೊರಗೆ. ಬೆಂಚಿನಲ್ಲಿ ಕೂತವನು ಬಾಯಿ ಮಾಡಿದರೆ ಅವನಿಗೂ ತೋರಿಸಬಹುದು. ಆ ದಿನ ಬಾಯಿ ಮಾಡಿದ್ದು ಆಟಗಾರರ ಗಾಯ ನೋಡಿಕೊಳ್ಳುವ ತಂಡದ ಫಿಸಿಯೋ. ಗೆರೆಯ ಬದಿಯಲ್ಲಿ ಬಾವುಟ ಹಿಡಿದು ಓಡುವ ಲೈನ್‌ಮನ್ನನ ಕಣ್ಣಿನ ಬಗ್ಗೆ, ಅವನ ತಾತನ ಕಣ್ಣಿನ ಬಗ್ಗೆ ಏನೇನೋ ಕೂಗಿದ. ರೆಫರಿ ಸರಕ್ಕನೆ ತಿರುಗಿದ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿಕೊಳ್ಳದೆ ನೀರಿನ ಬಾಟಲಿಗಳನ್ನು ಎಣಿಸುತ್ತಾ ಕೂತ. ಅದೇ ಕ್ಷಣಕ್ಕೆ ಸರಿಯಾಗಿ ಸ್ಟೆಪ್ನಿಯ ಕಾಲು ಜೋಮು ಹಿಡಿದು, ಅವನು ಎದ್ದು ನಿಂತು ಕಾಲು ಝಾಡಿಸಿದ. ರೆಫರಿ ಅವನ ಮೂಗಿನ ಮುಂದೆ ಹಳದಿ ಕಾರ್ಡು ಹಿಡಿದ.

ಸ್ಟೆಪ್ನಿ ಕೋಣೆಗೆ ಬಂದು ಬೀಗ ತೆಗೆಯುವಷ್ಟರಲ್ಲಿ ಫೋನು.

"ಏನೋ, ಟೀವಿ ತುಂಬಾ ನೀನೇ!" ಅಕ್ಕನ ದನಿ ಏರಿತ್ತು. "ನಿನ್ನ ಹೆಸರು ಬಂತು ಕಣೋ, ಅಪ್ಪನ ಹೆಸರಿನ ಸಮೇತ! ಪಕ್ಕದಲ್ಲೇ ಹಳದಿ ಬಣ್ಣದ ಚೌಕ! ಆ ದೊಡ್ಡ ಮನುಷ್ಯರು ಮೈದಾನದ ಮಧ್ಯದಿಂದ ನಿನ್ನ ಹತ್ರಾನೇ ನಡ್ಕೊಂಡು ಬಂದು ಏನೋ ಕೊಟ್ರಲ್ಲ, ಏನದು?"

ಅವನು ಬಾಯಿ ತೆರೆದ. ಹಿಂದಿನಿಂದ ಭಾವನ ದನಿ ಕೇಳಿಸಿತು. "ಅಷ್ಟು ಜನ ಓಡಾಡ್ತಿದ್ರೂ ಅವ್ರನ್ನೆಲ್ಲ ಬಿಟ್ಟು ಇವನಿಗೇ ಕೊಟ್ಟಿದಾರೆ ಅಂದ್ರೆ ಸುಮ್ನೆ ಅಲ್ಲ ಕಣೇ!" ಮೂರು ವರ್ಷದಲ್ಲಿ ಭಾವ ಅವನ ಬಗ್ಗೆ ಆಡಿದ ಮೊದಲ ಒಳ್ಳೆಯ ಮಾತು ಅದು.

"ಕಾರ್ಡು ಅಕ್ಕ," ಎಂದ ಸ್ಟೆಪ್ನಿ. "ಹಳದಿ ಕಾರ್ಡು ಕೊಟ್ರು."

ಅವನು ಸುಳ್ಳು ಹೇಳಲಿಲ್ಲ ಎಂಬುದನ್ನು ಓದುಗರು ದಯವಿಟ್ಟು ಗಮನಿಸಬೇಕು. ನಿಜವನ್ನು ಅಲ್ಲಿಗೆ ನಿಲ್ಲಿಸಿದ, ಅಷ್ಟೇ.

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿಯವರು ಭಾವ. ಮರುದಿನ ನೀರು ಸರಬರಾಜು ಕಚೇರಿಯಲ್ಲಿ ನೀರೊಂದು ಬಿಟ್ಟು ಉಳಿದೆಲ್ಲ ಸರಬರಾಜಾಯಿತು. ಸಂಜೆಗೆ ಬೀದಿಯ ದರ್ಜಿ, ನಿವೃತ್ತ ಮೇಷ್ಟ್ರು, ಔಷಧಿ ಅಂಗಡಿಯವನು, ಎಲ್ಲರಿಗೂ ಗೊತ್ತಾಗಿತ್ತು. ಹತ್ತು ದಿನದ ನಂತರ ಸ್ಟೆಪ್ನಿ ಕುಡಿಯಲು ಎತ್ತಿದ ನೀರಿನ ಬಾಟಲಿ ಕೈಜಾರಿ ಮೈದಾನದೊಳಕ್ಕೆ ಉರುಳಿ, ಲೈನ್‌ಮನ್ ಅದರ ಮೇಲೆ ಕಾಲಿಟ್ಟು ಬಿದ್ದು, ಎರಡನೇ ಕಾರ್ಡು ಬಂದಾಗ ಅಕ್ಕನ ಮನೆಯಲ್ಲಿ ಕುರ್ಚಿ ಸಾಲದೆ ಜನ ನಿಂತು ನೋಡಿದರಂತೆ.

"ಇದರಲ್ಲಿ ಮೆಟ್ಟಿಲಿದೆ," ಎಂದು ಭಾವ ಬೀದಿಯವರಿಗೆ ವಿವರಿಸಿದರು. "ಮೊದಲು ಹಳದಿ. ಆಮೇಲೆ ಕೆಂಪು. ಕೆಂಪು ಬಂದೋರಿಗೆ ಆಡೋ ಕಷ್ಟಾನೇ ಇಲ್ಲ, ಆಗಿಂದಾಗ್ಲೇ ಒಳಗೆ ಕರ್ಕೊಂಡು ಹೋಗ್ಬಿಡ್ತಾರೆ. ನಾನೇ ಕಣ್ಣಾರೆ ನೋಡ್ದೆ. ಪಾಪ, ಸಂತೋಷಕ್ಕೆ ಗಳಗಳ ಅಳ್ತಿದ್ದ."

"ಆದ್ರೆ ಓಡೋರಿಗಿಂತ ಕೂತೋನಿಗೇ ಜಾಸ್ತಿ ಬಂದಿದ್ಯಲ್ಲ?" ಮೇಷ್ಟ್ರು ಅನುಮಾನ ತೆಗೆದರು.

"ಅದೇ ಮೇಷ್ಟ್ರೇ! ಓಡೋದು ಯಾರು ಬೇಕಾದ್ರೂ ಓಡ್ತಾರೆ. ತೊಂಬತ್ತು ನಿಮಿಷ ಶಿಸ್ತಾಗಿ ಕೂರೋಕೆ ನಿಮ್ಮ ಕೈಲಾಗುತ್ತಾ?"

ಮೂವತ್ತು ವರ್ಷ ಹುಡುಗರನ್ನು ಕೂರಿಸಲು ಹೆಣಗಾಡಿದ ಮೇಷ್ಟ್ರು ತಲೆದೂಗಿದರು.

ಸುದ್ದಿ ಊರು ದಾಟಿ ಸ್ಟೆಪ್ನಿಯ ಮನೆ ಒಡತಿಯ ಕಿವಿಗೂ ಬಿತ್ತು. ಆಕೆ ಬಾಡಿಗೆ ಕೇಳಲು ಬಂದವರು ಅವನನ್ನು ಮೆಟ್ಟಿಲ ಮೇಲೆಯೇ ನಿಲ್ಲಿಸಿದರು. "ಏನಪ್ಪಾ, ಕಾರ್ಡು ಕೊಟ್ಟಿದಾರಂತೆ? ಅದನ್ನ ತೋರಿಸಿದ್ರೆ ಬಸ್ಸಲ್ಲಿ ರಿಯಾಯಿತಿ ಇದ್ಯಾ?"

"ಇಲ್ಲಮ್ಮ."

"ಆಸ್ಪತ್ರೇಲಿ?"

"ಇಲ್ಲಮ್ಮ. ಅದನ್ನ ತೋರಿಸ್ತಾರೆ, ಅಷ್ಟೇ. ಆಮೇಲೆ ಅವರೇ ಜೇಬಿಗೆ ಹಾಕ್ಕೊಂಡ್ಬಿಡ್ತಾರೆ."

"ಹೂಂ," ಎಂದು ಆಕೆ ನಿಟ್ಟುಸಿರು ಬಿಟ್ಟರು. "ನಮ್ಮೆಜಮಾನ್ರಿಗೂ ಪ್ರಮೋಶನ್ನು ಹಾಗೇ ಮಾಡಿದ್ರು."

ನಿಜ ಹೇಳಬೇಕೆಂದರೆ ಮೂರನೇ ಕಾರ್ಡಿನ ಹೊತ್ತಿಗೆ ಸ್ಟೆಪ್ನಿಗೆ ಇದರ ರುಚಿ ಹತ್ತಿತ್ತು. ಕಾರ್ಡು ಬಂದ ದಿನ ಫೋನು ಬರುತ್ತಿತ್ತು. ಬಾರದ ದಿನ ಅಕ್ಕ ಪಾತ್ರೆ, ಮಕ್ಕಳು, ಮೊಣಕಾಲು ನೋವಿನ ನಡುವೆ ಮರೆತೇಬಿಡುತ್ತಿದ್ದಳು. ಒಂಟಿ ಕೋಣೆಯಲ್ಲಿ ಗೋಡೆ ನೋಡುತ್ತಾ ಕೂತವನಿಗೆ ಒಂದು ಫೋನು ಎಂದರೆ ಏನೆಂಬುದು ಕೂತವರಿಗೇ ಗೊತ್ತು. ಮೂರನೆಯದನ್ನು ಅವನು ಬೇಕೆಂದೇ ತೆಗೆದುಕೊಂಡ, ಚೆಂಡನ್ನು ಬೆಂಚಿನ ಕೆಳಗೆ ಬಚ್ಚಿಟ್ಟು. ನಾಲ್ಕನೆಯದನ್ನು ರೆಫರಿಗೆ "ಬಾ ಕೂತ್ಕೋ, ಸುಸ್ತಾಗಿರ್ಬೇಕು" ಎಂದು ಪಕ್ಕದಲ್ಲಿ ಜಾಗ ಮಾಡಿಕೊಟ್ಟು.

ಕ್ಲಬ್ಬಿನ ಮ್ಯಾನೇಜರ್ ಕರೆದು ಎಚ್ಚರಿಸಿದ. "ನಾಲ್ಕಾಗಿದೆ. ಐದಾದ್ರೆ ಮುಂದಿನ ಪಂದ್ಯಕ್ಕೆ ನೀನು ಹೊರಗೆ. ನೆನಪಿರ್ಲಿ."

ಸ್ಟೆಪ್ನಿ ವಿನಯದಿಂದ ತಲೆಯಾಡಿಸಿದ. ಒಳಗೊಳಗೇ ನಗು ಬಂತು. ಹೊರಗೇ ಕೂತವನನ್ನು ಹೊರಗೆ ಹಾಕುವುದು ಹೇಗೆ?

ಸೀಸನ್ನಿನ ಕೊನೆಯ ಪಂದ್ಯದ ಹಿಂದಿನ ಪಂದ್ಯಕ್ಕೆ ಪರವೂರಿಗೆ ಹೋಗುವಾಗ ಕೋಚ್ ಬಸ್ಸಿನಲ್ಲಿ ಅವನ ಪಕ್ಕ ಬಂದು ಕೂತ. ಮೂರು ವರ್ಷದಲ್ಲಿ ಅವನ ಪಕ್ಕ ಯಾರಾದರೂ ತಾವಾಗಿ ಬಂದು ಕೂತದ್ದು ಅದೇ ಮೊದಲು. ಸ್ಟೆಪ್ನಿ ಖುಷಿಯಿಂದ ಕಿಟಕಿ ಕಡೆಗೆ ಸರಿದ.

"ಮುಂದಿನ ವರ್ಷಕ್ಕೆ ಬೇರೆ ಒಬ್ನನ್ನ ನೋಡಿದೀನಿ," ಎಂದ ಕೋಚ್. "ನಿಂದು ಈ ಸೀಸನ್‌ಗೆ ಮುಗೀತು. ಬೇಜಾರು ಮಾಡ್ಕೋಬೇಡ."

"ಇಲ್ಲ ಸಾರ್," ಎಂದ ಸ್ಟೆಪ್ನಿ. ಕೋಚ್ ಎದ್ದು ಹೋದ. ಸ್ಟೆಪ್ನಿ ಸರಿದ ಜಾಗದಲ್ಲೇ ಮುದುರಿಕೊಂಡು ಊರು ಬರುವವರೆಗೆ ಕಿಟಕಿಯಾಚೆ ನೋಡಿದ. ಅವನಿಗೆ ತುಂಬಾ ದುಃಖವಾಗಿತ್ತು. ಅದನ್ನು ಹೇಳಿಕೊಳ್ಳಲು ಹತ್ತಿರದಲ್ಲಿದ್ದದ್ದು ಚೆಂಡುಗಳ ಚೀಲ.

ಬಸ್ಸಿಳಿಯುವಾಗ ಅಕ್ಕನ ಫೋನು. "ಇವತ್ತು ಮನೆ ತುಂಬಾ ಜನ ಕಣೋ. ನಿಮ್ಮ ಭಾವ ಆಫೀಸಿನ ಸಾಹೇಬ್ರನ್ನೂ ಕರ್ಕೊಂಡು ಬಂದಿದಾರೆ. ಇವತ್ತು ಕೊಡ್ತಾರಾ?"

ಆಡಿ ತೋರಿಸುವ ಯೋಗವಂತೂ ತಪ್ಪಿತು. ಕೊನೆಯ ಸಲ ಇದನ್ನಾದರೂ ತೋರಿಸೋಣ ಎಂದು ಅವನು ನಿರ್ಧರಿಸಿದ. "ಕೊಡ್ತಾರಕ್ಕ," ಎಂದ.

ಆದರೆ ಆ ದಿನದ ರೆಫರಿ ಸಾಧು ಪ್ರಾಣಿ. ಸ್ಟೆಪ್ನಿ ಎದ್ದು ನಿಂತು ಕೂಗಿದ, ರೆಫರಿ ಮುಗುಳ್ನಕ್ಕ. ಹತ್ತಿರ ಬಂದಾಗ "ನಿಮ್ಮ ವಿಸಲ್ ಸರಿಯಿಲ್ಲ ಸಾರ್" ಎಂದ. "ಹೌದ್ರೀ, ಗಾಳಿ ಸೋರುತ್ತೆ, ಬದಲಾಯಿಸ್ಬೇಕು," ಎಂದು ರೆಫರಿ ಒಪ್ಪಿಕೊಂಡುಬಿಟ್ಟ. ಪಂದ್ಯ ಮುಗಿಯುತ್ತಾ ಬಂತು. ಅಲ್ಲಿ ಸಾಹೇಬರು ಗಡಿಯಾರ ನೋಡಿಕೊಳ್ಳುತ್ತಿರಬಹುದು, ಭಾವ ಬೆವರುತ್ತಿರಬಹುದು. ಸ್ಟೆಪ್ನಿ ಹಿಂದೆಮುಂದೆ ನೋಡದೆ ನೇರ ಮೈದಾನಕ್ಕೆ ನಡೆದು, ಆಟದ ನಟ್ಟನಡುವೆ ಚಕ್ಕಳಮಕ್ಕಳ ಹಾಕಿ ಕೂತ. ಇಪ್ಪತ್ತೆರಡು ಜನ ಆಟ ನಿಲ್ಲಿಸಿ ಅವನನ್ನು ನೋಡಿದರು.

"ಏನ್ರೀ ಇದು?" ರೆಫರಿ ಗಾಬರಿಯಾದ. "ಮೈ ಹುಷಾರಿಲ್ವಾ?"

"ಕಾರ್ಡು ಕೊಡಿ ಸಾರ್, ಎದ್ದು ಹೋಗ್ತೀನಿ."

ರೆಫರಿ ಕನಿಕರದಿಂದಲೇ ಕೊಟ್ಟ. ಐದನೆಯದು. ಅಕ್ಕನ ಬೀದಿಯಲ್ಲಿ ಎದ್ದ ಚಪ್ಪಾಳೆಗೆ ದರ್ಜಿಯ ಅಂಗಡಿಯ ಬೆಕ್ಕು ಓಡಿಹೋಗಿ ಎರಡು ದಿನ ಬರಲಿಲ್ಲವಂತೆ.

ಇಲ್ಲಿಗೆ ಕಥೆ ಮುಗಿದಿದ್ದರೆ ಸುಖಾಂತವೇ ಆಗುತ್ತಿತ್ತು. ಆದರೆ ಚೀಲಗಳನ್ನು ಬಸ್ಸಿನ ಹೊಟ್ಟೆಗೆ ತುಂಬಿ ಅದರ ಬಾಗಿಲು ಹಾಕುವುದು ಮೀಸಲು ಗೋಲ್‌ಕೀಪರನ ಕೆಲಸ. ಸ್ಟೆಪ್ನಿ ಎಂದಿನಂತೆ ಮೈಭಾರ ಬಿಟ್ಟು ಧಡ್ ಎಂದು ಬಾಗಿಲು ಹಾಕಿದ. ಅದೇ ಹೊತ್ತಿಗೆ ಬಂಡೆ ತನ್ನ ಚೀಲದಿಂದ ಚಪ್ಪಲಿ ತೆಗೆಯಲು ಕೈಹಾಕಿದ್ದ.

ಹನ್ನೊಂದು ವರ್ಷ ಬೀಳದ, ಸೀನದ, ಕೆಮ್ಮದ ಬಂಡೆ ಆ ಸಂಜೆ ಹಸುಗೂಸಿನಂತೆ ಅತ್ತ. ಎರಡು ಬೆರಳು ಮುರಿದಿದ್ದವು.

ಆಸ್ಪತ್ರೆಯ ಕಾರಿಡಾರಿನಲ್ಲಿ ಕೋಚ್ ಸ್ಟೆಪ್ನಿಯ ಕಾಲರ್ ಹಿಡಿದ. "ನಿಜ ಹೇಳು. ಬೇಕೂಂತ ಮಾಡಿದ್ಯಾ?"

"ಆಣೆಗೂ ಇಲ್ಲ ಸಾರ್!"

"ಬೇಕೂಂತ ಮಾಡಿದ್ರೆ ಕ್ಷಮಿಸ್ಬಿಡ್ತಿದ್ದೆ ಕಣಯ್ಯಾ! ಪಾಪ, ಆಡೋ ಆಸೆ ಅಂದ್ಕೋತಿದ್ದೆ. ಬೆರಳು ಮುರಿಯೋನು ಕಾರ್ಡು ತಗೋಬಾರ್ದು. ಕಾರ್ಡು ತಗೊಳ್ಳೋನು ಬೆರಳು ಮುರೀಬಾರ್ದು. ಎರಡನ್ನೂ ಒಂದೇ ಸಂಜೆ ಮಾಡೋನು ಮನುಷ್ಯನಾ ನೀನು?"

ಆಗಷ್ಟೇ ಸ್ಟೆಪ್ನಿಗೆ ಪೂರ್ತಿ ಅರ್ಥವಾಯಿತು. ಕೊನೆಯ ಪಂದ್ಯಕ್ಕೆ ಗೋಲ್‌ಕೀಪರ್ ಇಲ್ಲ. ಅದು ಅವನೇ ಆಗಬೇಕಿತ್ತು. ಮೂರು ವರ್ಷ ಕಾದ ತುತ್ತು ಕೈಗೆ ಬಂದಿತ್ತು, ಬಾಯಿಯನ್ನು ಅವನೇ ಹೊಲಿದುಕೊಂಡಿದ್ದ. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅವನೂ ಅತ್ತ. ನೋಡಿದವರು ಬಂಡೆಯ ತಮ್ಮನಿರಬೇಕು ಎಂದುಕೊಂಡರು.

ಕೊನೆಯ ಪಂದ್ಯ ಸ್ವಂತ ಮೈದಾನದಲ್ಲಿ. ಸೋತರೆ ಕ್ಲಬ್ಬು ಮೂರನೇ ದರ್ಜೆಗೆ. ಸಮ ಮಾಡಿಕೊಂಡರೆ ಬಚಾವು. ಅಳಿದೂರಿಗೆ ಉಳಿದವನೇ ಗೌಡ ಎಂದು ಎಡಗಡೆ ಆಡುವ ಡಿಫೆಂಡರನನ್ನು ಗೋಲಿಗೆ ನಿಲ್ಲಿಸಿದರು. ಅವನು ಎತ್ತರವಿದ್ದ, ಅದೊಂದೇ ಅರ್ಹತೆ. ಬಂಡೆಯ ಅಂಗಿ ತೊಡಿಸಿದರೆ ಅದರಲ್ಲಿ ಅವನನ್ನು ಹುಡುಕಬೇಕಾಯಿತು. ಸ್ಟೆಪ್ನಿಯ ಅಂಗಿ ಅಳತೆ ತೆಗೆದು ಹೊಲಿದಂತೆ ಕೂತಿತು. ಕೈಗವಸೂ ಸ್ಟೆಪ್ನಿಯದೇ, ಇನ್ನೂ ಅಂಗಡಿಯ ವಾಸನೆ ಹೋಗಿರಲಿಲ್ಲ. ಅದರ ಪಟ್ಟಿ ಬಿಗಿದವನೂ ಸ್ಟೆಪ್ನಿಯೇ.

"ಬಿಗಿ ಆಯ್ತಾ?" ಎಂದು ಕೇಳಿದ.

"ಸ್ವಲ್ಪ ಸಡಿಲ ಮಾಡಣ್ಣ," ಎಂದ ಡಿಫೆಂಡರ್.

ನಿಷೇಧಕ್ಕೊಳಗಾದವನು ಬೆಂಚಿನಲ್ಲೂ ಕೂರುವಂತಿಲ್ಲ. ಸ್ಟೆಪ್ನಿ ಪ್ರೇಕ್ಷಕರ ನಡುವೆ, ಮೂರನೇ ಸಾಲಿನಲ್ಲಿ, ಕಂಬದ ಪಕ್ಕದ ಕುರ್ಚಿಯಲ್ಲಿ ಕೂತ. ಅವನ ಪಕ್ಕದಲ್ಲಿದ್ದವನು ಬೀಗ ರಿಪೇರಿಯವನು; ಅಂಗಡಿಗೆ ಬೀಗ ಹಾಕಿ ಬಂದಿದ್ದ. ಕಣ್ಣೆದುರು ಪಂದ್ಯ ನಡೆಯುತ್ತಿದ್ದರೂ ನಂಬಿಕೆ ಸಾಲದೆ ಫೋನಿನಲ್ಲಿ ಟೀವಿ ಕಾಮೆಂಟರಿ ಹಚ್ಚಿಕೊಂಡಿದ್ದ.

ಬಡಕಲು ಚಾನೆಲ್ಲಿನವರು ಆಟಗಾರರನ್ನು ಗುರುತಿಸುವುದು ಅಂಗಿಯ ನಂಬರಿನಿಂದ. ಸೀಸನ್ ಶುರುವಿನಲ್ಲಿ ಬರೆದುಕೊಂಡ ನಂಬರು. ತಿದ್ದುವ ವ್ಯವಧಾನ ಯಾರಿಗಿದೆ? ಮೊದಲ ಚೆಂಡು ಡಿಫೆಂಡರನ ಎದೆಗೆ ಬಡಿದು ಹೊರಗೆ ಹೋದಾಗ ಫೋನಿನಿಂದ ಸ್ಟೆಪ್ನಿಯ ಹೆಸರು ಕೇಳಿಸಿತು. ಪೂರ್ತಿ ಹೆಸರು, ಅಪ್ಪನ ಹೆಸರಿನ ಸಮೇತ. ಅವನಿಗೆ ಮೈ ಜುಮ್ಮೆಂದಿತು.

"ಎಂಥಾ ಗೋಲ್‌ಕೀಪರ್ ಸಾರ್!" ಬೀಗದವನು ಅವನ ತೊಡೆ ತಟ್ಟಿದ. "ಇಷ್ಟು ದಿನ ಈ ಮನುಷ್ಯನ್ನ ಯಾಕೆ ಆಡಿಸ್ಲಿಲ್ಲ? ಕೋಚಿಗೆ ತಲೇಲಿ ಏನಿದೆ?"

"ಅದು ಅವನಲ್ಲ," ಎಂದ ಸ್ಟೆಪ್ನಿ.

"ಯಾರಲ್ಲ?"

"ಆ ಹೆಸರಿನೋನು ಅಲ್ಲ. ಬೇರೆಯವನು ಅಂಗಿ ಹಾಕ್ಕೊಂಡಿದಾನೆ."

"ಟೀವಿಯೋರು ಹೇಳ್ತಿದಾರಲ್ರೀ! ಅವರಿಗಿಂತ ನಿಮಗೆ ಗೊತ್ತಾ?"

ಸ್ಟೆಪ್ನಿ ತಡೆದು ತಡೆದು ಕೊನೆಗೆ ಹೇಳಿಬಿಟ್ಟ. "ಆ ಹೆಸರಿನೋನು ನಾನು."

ಬೀಗದವನು ಅವನನ್ನು ಕೆಳಗಿನಿಂದ ಮೇಲಕ್ಕೆ ನೋಡಿದ, ಬೋಳಾಗುತ್ತಿದ್ದ ತಲೆಯ ಮೇಲೆ ಕಣ್ಣು ಒಂದು ಕ್ಷಣ ನಿಂತಿತು. ಆಮೇಲೆ ತನ್ನ ಚೀಲ ಎತ್ತಿಕೊಂಡು ಒಂದು ಕುರ್ಚಿ ಆಚೆ ಸರಿದು ಕೂತ.

ಎರಡೂ ಕಡೆ ಗೋಲಿಲ್ಲದೆ ಪಂದ್ಯ ಮುಗಿಯುವ ಹೊತ್ತಿಗೆ ಎದುರಾಳಿಗೆ ಪೆನಾಲ್ಟಿ ಸಿಕ್ಕಿತು, ಅಂದರೆ ಗೋಲ್‌ಕೀಪರ್ ಒಬ್ಬನೇ ಎದುರಿಸಬೇಕಾದ ಒದೆತ. ಡಿಫೆಂಡರ್ ಹೆದರಿ ಕಣ್ಣು ಮುಚ್ಚಿ ಬೆನ್ನು ತಿರುಗಿಸಿದ. ಚೆಂಡು ಬೆನ್ನ ಮೇಲಿನ ನಂಬರಿಗೇ ಬಡಿದು ಮೇಲಕ್ಕೆ ಚಿಮ್ಮಿತು. ಫೋನಿನಲ್ಲಿ ಕಾಮೆಂಟರಿಯವನು ಸ್ಟೆಪ್ನಿಯ ಹೆಸರನ್ನು ಕಿರುಚಿ ಕಿರುಚಿ ದನಿ ಕಳೆದುಕೊಂಡ. ಮೈದಾನವೆಲ್ಲ ಎದ್ದು ಕುಣಿಯಿತು. ಸ್ಟೆಪ್ನಿಯೂ ಎದ್ದು ಕುಣಿದ. ಯಾರನ್ನಾದರೂ ತಬ್ಬಿಕೊಳ್ಳೋಣವೆಂದು ತಿರುಗಿದರೆ ಒಂದು ಕಡೆ ಖಾಲಿ ಕುರ್ಚಿ, ಇನ್ನೊಂದು ಕಡೆ ಕಂಬ.

ಜನ ಕರಗಿದ ಮೇಲೆ ಅವನು ಗೇಟಿನ ಹತ್ತಿರ ನಿಂತಿದ್ದಾಗ ಕೋಚ್ ಹುಡುಕಿಕೊಂಡು ಬಂದ. ಮುಖ ಹುಳ್ಳಗಿತ್ತು.

"ಮಾಲೀಕರು ಫೋನ್ ಮಾಡಿದ್ರು," ಎಂದ. ಕ್ಲಬ್ಬಿನ ಮಾಲೀಕರು ಟೈರ್ ವ್ಯಾಪಾರಿ. ಮೈದಾನದ ಬಿಸಿಲು ಆಗದೆ ಮನೆಯಲ್ಲೇ ಟೀವಿ ನೋಡುವವರು. "ಆ ಸ್ಟೆಪ್ನಿ ಕ್ಲಬ್ಬು ಉಳಿಸಿದಾನೆ, ಅವನನ್ನ ಬಿಟ್ರೆ ನಿನ್ನೂ ಬಿಡ್ತೀನಿ ಅಂದ್ರು. ಇನ್ನೊಂದು ವರ್ಷ ಇರು."

"ಅದು ನಾನಲ್ಲ ಅಂತ ಹೇಳ್ಲಿಲ್ವಾ ಸಾರ್?"

"ಕ್ಲಬ್ಬಲ್ಲಿ ಗೋಲ್‌ಕೀಪರೇ ಇರ್ಲಿಲ್ಲ, ಡಿಫೆಂಡರ್‌ನ ನಿಲ್ಲಿಸಿದ್ದೆ ಅಂತ ಹೇಳ್ಲಾ? ನೀನೂ ಬಾಯಿ ಬಿಡ್ಬೇಡ. ಮುಂದಿನ ವರ್ಷ ಬಂಡೆ ಬೆರಳು ಸರಿಹೋಗಿರುತ್ತೆ, ನೀನು ನಿನ್ನ ಜಾಗದಲ್ಲಿ ಕೂತ್ಕೋ. ಬಸ್ಸಿನ ಬಾಗಿಲು ಮಾತ್ರ ಬೇರೆಯವರು ಹಾಕ್ತಾರೆ."

ಸ್ಟೆಪ್ನಿ ಮೂರು ಮಹಡಿ ಹತ್ತಿ ಕೋಣೆಗೆ ಬಂದ. ಸ್ಟೌವು ಹಚ್ಚಿ ನೀರಿಟ್ಟ. ಫೋನು ಬಂತು. ಹಿಂದೆ ಇಡೀ ಬೀದಿಯ ಗಲಾಟೆ. ಭಾವ ಯಾರಿಗೋ ಹೇಳುತ್ತಿದ್ದರು. "ಬೆನ್ನು ತಿರುಗಿಸಿ ಹಿಡಿದ ಸಾರ್, ಬೆನ್ನು ತಿರುಗಿಸಿ! ಮುಖ ಕೊಟ್ಟು ಹಿಡಿಯೋದು ಯಾರು ಬೇಕಾದ್ರೂ ಹಿಡೀತಾರೆ!"

"ಚೆನ್ನಾಗಿ ಆಡ್ದೆ ಕಣೋ!" ಅಕ್ಕ ಎಲ್ಲರಿಗೂ ಕೇಳುವಂತೆ ಕೂಗಿದಳು. "ಕಣ್ತುಂಬಾ ನೋಡಿದ್ವಿ!"

ಆಮೇಲೆ ಗಲಾಟೆ ದೂರವಾಯಿತು. ಬಾಗಿಲು ಹಾಕಿದ ಸದ್ದು. ಅಕ್ಕ ಅಡುಗೆಮನೆಗೆ ಬಂದಿರಬೇಕು. ದನಿ ತಗ್ಗಿತ್ತು.

"ನಿನ್ನ ಅಂಗಿ ಹಾಕ್ಕೊಂಡಿದ್ದೋನು ಯಾರೋ?"

ಸ್ಟೆಪ್ನಿ ಮಂಚದ ಮೇಲೆ ಕೂತ. "ನಿಂಗೆ ಹೇಗೆ ಗೊತ್ತಾಯ್ತು?"

"ನಡಿಗೆ ನಿಂದಲ್ಲ. ಬೆಂಚಲ್ಲಿ ನೋಡಿದ್ರೆ ಅಲ್ಲೂ ಇಲ್ಲ. ಪಂದ್ಯ ಮುಗಿಯೋವರೆಗೂ ಹುಡುಕಿದೆ ಕಣೋ. ಎಲ್ಲಿದ್ದೆ?"

"ಜನರ ಮಧ್ಯೆ. ಮೂರನೇ ಸಾಲು, ಕಂಬದ ಪಕ್ಕ." ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. "ಅಕ್ಕ, ಹಳದಿ ಕಾರ್ಡು ಬಹುಮಾನ ಅಲ್ಲ. ಅದು ಬೈಗುಳ."

"ಗೊತ್ತು. ಆ ರೆಫರಿ ಮುಖ ಬಹುಮಾನ ಕೊಡೋರ ಮುಖದ ಹಾಗಾ ಇತ್ತು?"

"ಮತ್ತೆ ಯಾಕೆ ಸುಮ್ನಿದ್ದೆ?"

"ಕಾರ್ಡು ಕೊಟ್ಟಾಗ ಕ್ಯಾಮೆರಾ ನಿನ್ನ ಹತ್ರ ಬರ್ತಿತ್ತು. ಸೊರಗಿದೀಯೋ ಇಲ್ವೋ ಅಂತ ನೋಡ್ಬಹುದಿತ್ತು."

ಸ್ಟೌವಿನ ಮೇಲಿನ ನೀರು ಕುದಿಯತೊಡಗಿತು. "ಐದಾದ್ರೆ ಮುಂದಿನ ಪಂದ್ಯ ಆಡೋ ಹಾಗಿಲ್ಲ ಅಕ್ಕ," ಎಂದ ಅವನು. "ಐದನೇದು ತಗೊಳ್ದೇ ಇದ್ದಿದ್ರೆ ಇವತ್ತು ನಾನೇ ಆಡ್ತಿದ್ದೆ."

ಅಕ್ಕ ಮೂಗೊರೆಸಿಕೊಂಡ ಸದ್ದು ಕೇಳಿಸಿತು.

"ಮುಂದಿನ ವರ್ಷ?" ಎಂದಳು.

"ಇಟ್ಕೊಂಡಿದಾರೆ. ಬೆಂಚೇ."

"ಸದ್ಯ," ಎಂದಳು ಅಕ್ಕ. "ಎಲ್ಲಿದ್ದೀಯ ಅಂತಾದ್ರೂ ಗೊತ್ತಿರುತ್ತೆ."